ಲಿಪಿಕಾರ ಚಪಡನ ಮೂರು ಬಂಡೆಗಳು

ಹೆಸರಾಂತ ಚಿತ್ರಕಾರರು ಬಾಳಿದ ಮನೆಗಳನ್ನು ನೋಡಲು ಜನ ದೂರದೂರ ಹೋಗುತ್ತಾರೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ದುಡಿದು ಕಲ್ಲಿನ ಮೇಲೆ ತನ್ನ ಹೆಸರನ್ನು ಉಳಿಸಿಹೋದ ಒಬ್ಬನಿದ್ದಾನೆ. ಹೆಸರು ಚಪಡ. ಅವನು ಬರೆದುದು ಚಿತ್ರವಲ್ಲದೆ ಅಕ್ಷರವಾದರೂ, ಬರೆಯುವುದೆಂಬ ಒಂದೇ ಮಾತು ನಮ್ಮ ಭಾಷೆಯಲ್ಲಿ ಎರಡಕ್ಕೂ ಸಲ್ಲುತ್ತದಷ್ಟೆ.

ಕಳೆದ ದಸರೆಯ ರಜೆಯಲ್ಲಿ ನಾನೂ ನನ್ನ ತಂದೆಯವರೂ ಚಳ್ಳಕೆರೆಯಿಂದ ಹೊರಟೆವು. ತಂದೆಯವರು ಎಣ್ಣೆ ಗಿರಣಿಗಳಿಗೂ ಲಾರಿಗಳಿಗೂ ಬೋರ್ಡು ಬರೆದು ನಮ್ಮನ್ನು ಸಾಕಿದವರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ತಪ್ಪಿದೆ. "ಕಲ್ಲು ನೋಡೋಕೆ ಬಸ್ ಚಾರ್ಜು ಬೇರೆ" ಎಂದು ದಾರಿಯುದ್ದಕ್ಕೂ ಗೊಣಗಿದರು.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೆಡೆಗಳ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಬಳಿಕ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲವೆಂದರೆ ಬ್ರಹ್ಮಗಿರಿಯ ತಪ್ಪಲಿನ ಊರೆಂದು ವಿದ್ವಾಂಸರ ಮತ. ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಉತ್ಖನನ ನಡೆಸಿದ್ದು ಇಲ್ಲಿಯೇ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಶಿಷ್ಯನು ಗುರುವಿಗೆ ತೋರಬೇಕಾದ ಗೌರವ ಇವು ಅಲ್ಲಿನ ಬೋಧೆ. (ಈ ಕೊನೆಯದನ್ನು ನಮ್ಮ ತರಗತಿಯವರು ಹೋಗಿ ಓದಿ ಬರುವುದು ಒಳ್ಳೆಯದು!)

ಭಾಷೆ ಪ್ರಾಕೃತ, ಲಿಪಿ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ. ಕೊನೆಯಲ್ಲಿ ಚಪಡನು ಬರೆದನೆಂಬ ಮಾತಿದೆ. ಆದರೆ 'ಲಿಪಿಕಾರನಿಂದ' ಎಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ದೂರದ ಗಾಂಧಾರದ ಕಡೆಯ ಲಿಪಿ. ಆದ್ದರಿಂದ ಚಪಡನು ವಾಯವ್ಯದಿಂದ ಬಂದವನೋ, ಅಲ್ಲಿ ಕೆಲಸ ಮಾಡಿದ್ದವನೋ ಆಗಿರಬೇಕೆಂದು ಊಹಿಸಿದ್ದಾರೆ.

ಬ್ರಹ್ಮಗಿರಿಯ ಬಂಡೆಗೆ ಅಕ್ಷರಗುಂಡು ಎಂದು ಹೆಸರು. ಅದರ ಮುಂದೆ ನಿಂತು ನಾನು ಇದಿಷ್ಟನ್ನೂ ವಿವರಿಸಿದೆ. ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ.

"ನಾವೂ ಬೋರ್ಡಿನ ಮೂಲೇಲಿ ಹೆಸರು ಹಾಕ್ತೀವಿ ಕಣಪ್ಪ. ಸಾವ್ಕಾರ್ರು ಅಳಿಸು ಅನ್ನದಷ್ಟು ಸಣ್ಣಕ್ಕೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಬರೆದೋನು ಇವನು ಸರಿ. ಉಳಿ ಹಿಡಿದೋನು ಬೇರೆ ಇದ್ದರೆ, ಅವನ ಹೆಸರೆಲ್ಲಿ?" ಎಂದು ಕೇಳಿದರು. ಪುಸ್ತಕ ಓದಿ ಹೋಗಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ, ಉತ್ತರವೂ ತೋಚಲಿಲ್ಲ.

ಸಿದ್ದಾಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜಟಿಂಗ ರಾಮೇಶ್ವರದ ಮೆಟ್ಟಿಲುಗಳನ್ನು ತಂದೆಯವರು ಮಂಡಿ ಹಿಡಿದುಕೊಂಡೇ ಹತ್ತಿದರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಬಳೆಗಾರ ಗುಂಡು ಎನಿಸಿಕೊಂಡ ಅಲ್ಲಿನ ಬಂಡೆಯಲ್ಲಿ ಅಕ್ಷರಗಳು ಬಹಳ ಸವೆದಿವೆ. ಅವರು ಕಲ್ಲನ್ನು ಮುಟ್ಟಲಿಲ್ಲ. ಗೇಣು ದೂರದಲ್ಲಿ ಗಾಳಿಯಲ್ಲೇ ಬೆರಳಾಡಿಸುತ್ತ ಸಾಲು ಹುಡುಕಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ನೋಟುಬುಕ್ಕನ್ನು ಕೇಳಿ ತೆಗೆದುಕೊಂಡು, ಆ ಖರೋಷ್ಠಿ ಪದವನ್ನು ಬಲದಿಂದ ಎಡಕ್ಕೆ ಮೂರು ಸಲ ಬರೆದರು. ಬಸ್ಸಿನ ಕುಲುಕಾಟಕ್ಕೆ ಮೊದಲೆರಡು ಕೆಟ್ಟವು. ಮೂರನೆಯದು ಚೆನ್ನಾಗಿ ಬಂದಿದೆ.