ಟಕಾರ ತಕಾರಗಳ ನಡುವಿನ ಜಾಗ

ತಿಪಟೂರು
ಭಾನುವಾರ ಸಂಜೆ

ಚಿ॥ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ನಿನ್ನಮ್ಮ ಫೋನಿನಲ್ಲಿ ಹೇಳಿದ್ದನ್ನು ಕೇಳಿದಾಗಿನಿಂದ ಮನಸ್ಸೆಲ್ಲ ನಿನ್ನ ಕಡೆಗೇ ಇದೆ. ಆಫೀಸಿನ ಕಾಲ್‌ನಲ್ಲಿ ನೀನು 'ಕಾಂಪೊನೆಂಟ್' ಅಂದದ್ದು ಆ ಕಡೆಯವರಿಗೆ ಮೂರು ಸಲ ಹೇಳಿದರೂ ತಿಳಿಯಲಿಲ್ಲವಂತೆ, ಕೊನೆಗೆ ಟೈಪ್ ಮಾಡಿ ತೋರಿಸಬೇಕಾಯಿತಂತೆ. ಅದೇ ದಿನ ಊಟದ ಹೊತ್ತಿನಲ್ಲಿ ಜೊತೆಯ ಹುಡುಗನೊಬ್ಬ ನಿನ್ನ 'ವೋನ್ಲಿ'ಯನ್ನು ಎಲ್ಲರೆದುರು ಅಣಕಿಸಿದನಂತೆ. ಆಮೇಲಿಂದ ಮೀಟಿಂಗಿನಲ್ಲಿ ನೀನು ಬಾಯಿ ಬಿಡುತ್ತಿಲ್ಲ, ಅಮೆರಿಕದವರ ಹಾಗೆ ಮಾತಾಡಲು ಕಲಿಸುವ ಕೋರ್ಸಿಗೆ ಒಂದು ತಿಂಗಳ ಸಂಬಳ ಕಟ್ಟಲು ಹೊರಟಿದ್ದೀಯ ಅಂದಳು. ದುಡ್ಡು ಕಟ್ಟುವ ಮೊದಲು ಈ ಕಾಗದ ಒಮ್ಮೆ ಓದು ಮಗಳೇ.

ಆ ಎರಡನ್ನೂ ನೀನು ಒಂದೇ ಅವಮಾನದ ಗಂಟಿಗೆ ಕಟ್ಟಿಕೊಂಡಿದ್ದೀಯ. ಬಿಡಿಸಿ ನೋಡು. 'ವೋನ್ಲಿ' ಅಂದದ್ದು ಆ ಹುಡುಗನಿಗೆ ಸರಿಯಾಗಿ ಅರ್ಥವಾಗಿತ್ತು, ಅದಕ್ಕೇ ಅವನಿಗೆ ಅಣಕಿಸಲು ಬಂತು. ಅರ್ಥವಾಗದೆ ಹೋದದ್ದು 'ಕಾಂಪೊನೆಂಟ್'. ತಿದ್ದಿಕೊಳ್ಳುವುದಿದ್ದರೆ ಮೊದಲು ಅದನ್ನು.

ನೀನು 'ಕಾಂ' ಮೇಲೆ ಭಾರ ಹಾಕಿ ಮಿಕ್ಕದ್ದನ್ನು ಸಮನಾಗಿ ಹೇಳಿರುತ್ತೀಯ. ಅವರ ಕಿವಿ ಕಾಯುತ್ತಿದ್ದದ್ದು 'ಕಂಪೋನಂಟ್' ಅನ್ನುವುದಕ್ಕೆ. ಭಾರವೆಲ್ಲ 'ಪೋ' ಮೇಲೆ, ಆಚೀಚೆಯ ಅಕ್ಷರಗಳು ಸೊರಗಿರುತ್ತವೆ. ಇದನ್ನೇ ಒತ್ತು ಅನ್ನುವುದು. ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. 'ಫೋಟೋಗ್ರಾಫ್' ಅನ್ನುವಾಗ ಅದು 'ಫೋ' ಮೇಲಿರುತ್ತದೆ. 'ಫೋಟೋಗ್ರಾಫರ್' ಅನ್ನುವಾಗ ಜಾರಿ ಎರಡನೆಯ ಅಕ್ಷರಕ್ಕೆ ಬಂದು ಪದ 'ಫಟಾಗ್ರಫರ್' ಅನ್ನುವ ಹಾಗೆ ಕೇಳಿಸುತ್ತದೆ. 'ಫೋಟೋಗ್ರಾಫಿಕ್' ಅನ್ನುವಾಗ ಮತ್ತೆ ಜಾರಿ 'ಗ್ರಾ' ಮೇಲೆ ಕೂರುತ್ತದೆ. ಒತ್ತು ಕಳೆದುಕೊಂಡ ಸ್ವರ ಸಾಮಾನ್ಯವಾಗಿ ಹೆಚ್ಚುಕಡಿಮೆ ನಮ್ಮ ಅಕಾರದ ಹಾಗೆ ಬಾಡಿಹೋಗುತ್ತದೆ.

ನಮಗೆ ಇದು ಯಾಕೆ ಕಷ್ಟ ಗೊತ್ತೇ? ಕನ್ನಡದಲ್ಲಿ ನಾವು ತೂಕ ಹಾಕುವುದು ಕಾಲದಿಂದ. ಹತ್ತನೆಯ ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆಯಲ್ಲ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಎಲ್ಲಿದ್ದರೂ ದೀರ್ಘವೇ, ಪಕ್ಕದ ಅಕ್ಷರ ಅದನ್ನು ಕುಗ್ಗಿಸುವುದಿಲ್ಲ. ಇಂಗ್ಲಿಷ್ ತೂಕ ಹಾಕುವುದು ಬಲದಿಂದ. ಬಲ ಬಿದ್ದ ಕಡೆ ಅಕ್ಷರ ಉಬ್ಬುತ್ತದೆ, ಬೀಳದ ಕಡೆ ನುಂಗಿಹೋಗುತ್ತದೆ. ಪ್ರಸ್ತಾರ ಹಾಕಿ ಪಳಗಿದ ಕಿವಿಗೆ ಈ ಲೆಕ್ಕ ಕಲಿಯುವುದು ಹೊಸಬರಿಗಿಂತ ಸುಲಭ ಎಂದೇ ನನ್ನ ನಂಬಿಕೆ, ಯಾರಾದರೂ ಹೇಳಿಕೊಡಬೇಕು ಅಷ್ಟೆ. ನಮಗೆ ಯಾರೂ ಹೇಳಲಿಲ್ಲ. ಅರ್ಥ ಬರೆಸಿದರು, ಸ್ಪೆಲಿಂಗ್ ಬಾಯಿಪಾಠ ಮಾಡಿಸಿದರು, ಭಾರ ಎಲ್ಲಿ ಬೀಳುತ್ತದೆಂದು ಮಾತ್ರ ಹೇಳಲಿಲ್ಲ. ನಾನೂ ಒಂಬತ್ತು ವರ್ಷ ಹಾಗೆಯೇ ಪಾಠ ಮಾಡಿದೆ.

ಆಮೇಲೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹೋದೆ. ದಕ್ಷಿಣದ ರಾಜ್ಯಗಳ ಮೇಷ್ಟರಿಗಾಗಿಯೇ 1963ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಟೇಪ್ ರೆಕಾರ್ಡರಿನಿಂದ ನನ್ನ ದನಿ ನನಗೇ ಕೇಳಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ನನ್ನ ಮುಂದೆ ಕೂತಿದ್ದ ಮಕ್ಕಳ ಮುಖಗಳೇ ಕಣ್ಣಮುಂದೆ ಬಂದವು. ಆರ್.ಕೆ. ಬನ್ಸಲ್ ಅವರ ಹೆಸರು ಕೇಳಿದ್ದೂ ಆಗಲೇ. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟರ ಮಟ್ಟಿಗೆ ಅರ್ಥವಾಗುತ್ತದೆ ಎಂದು ಪರೀಕ್ಷಿಸಿದ ಅವರ ಅಧ್ಯಯನ 1969ರಲ್ಲಿ ಹೈದರಾಬಾದಿನಿಂದ ಪ್ರಕಟವಾಯಿತು. ಅರ್ಥವಾಗದಿರಲು ಅವರು ಕಂಡುಕೊಂಡ ದೊಡ್ಡ ಕಾರಣಗಳಲ್ಲಿ ತಪ್ಪು ಜಾಗಕ್ಕೆ ಬಿದ್ದ ಒತ್ತೂ ಒಂದು. ನಿನ್ನ 'ಕಾಂಪೊನೆಂಟ್' ಹೊಸ ಕಥೆಯಲ್ಲ ಪುಟ್ಟಿ.

ಇನ್ನು ಬಿಡಿ ಅಕ್ಷರಗಳ ಮಾತು. ನಮ್ಮ ವರ್ಣಮಾಲೆಯನ್ನು ಒಮ್ಮೆ ಗಟ್ಟಿಯಾಗಿ ಹೇಳು. ಕ, ಚ, ಟ, ತ, ಪ. ಗಂಟಲ ಹತ್ತಿರ ಹೊರಟದ್ದು ಅಂಗುಳ ದಾಟಿ, ಹಲ್ಲಿಗೆ ಬಂದು, ತುಟಿಯಲ್ಲಿ ಮುಗಿಯುತ್ತದೆ. ಅದು ಬಾಯಿಯ ಒಳಗಿನ ನಕ್ಷೆ. ಒಂದನೇ ಕ್ಲಾಸಿನಲ್ಲೇ ಈ ನಕ್ಷೆ ನಿನ್ನ ಕೈಗೆ ಬಂದಿದೆ, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಎ ಬಿ ಸಿ ಡಿಯಲ್ಲಿ ಅದು ಸಿಗುವುದಿಲ್ಲ. ನಾಲಿಗೆ ಮಡಿಸಿ ಅಂಗುಳಿಗೆ ತಾಗಿಸಿದರೆ ಟ, ಹಲ್ಲಿಗೆ ತಾಗಿಸಿದರೆ ತ. ಎರಡರ ನಡುವೆ, ಮೇಲುಹಲ್ಲಿನ ಹಿಂದೆ ಒಸಡು ಉಬ್ಬಿದೆಯಲ್ಲ, ಆ ಜಾಗ ನಮ್ಮ ಟಕಾರಕ್ಕೂ ಬೇಡ, ತಕಾರಕ್ಕೂ ಬೇಡ. 'ಟೀ', 'ಟೇಬಲ್' ಅನ್ನುವಾಗ ಅವರ ನಾಲಿಗೆ ತಾಗುವುದು ಅಲ್ಲಿಗೆ. ತುದಿನಾಲಿಗೆಯಿಂದ ಹುಡುಕು, ಸಿಗುತ್ತದೆ.

ಪಕಾರದ ವಿಷಯ ಇನ್ನೂ ಸ್ವಾರಸ್ಯ. ನಾವು ಇಂಗ್ಲಿಷ್ 'ಪೆನ್' ಅಂದರೆ ಕೆಲವೊಮ್ಮೆ ಅವರಿಗೆ 'ಬೆನ್' ಎಂದು ಕೇಳಿಸುತ್ತದೆ. ಯಾಕೆಂದರೆ ಪದದ ಮೊದಲಿಗೆ ಬಂದ ಪಕಾರಕ್ಕೆ ಅವರು ತಮಗೇ ತಿಳಿಯದೆ ಉಸಿರು ಸೇರಿಸುತ್ತಾರೆ. ಅದು ನಮ್ಮ ಮಹಾಪ್ರಾಣ. ಕಾಫಿಯ ಫ ಅಲ್ಲ, ಹಳಬರು 'ಫಲ' ಅನ್ನುವಾಗ ಹೇಳುತ್ತಿದ್ದ ಫ. ಬಾಯಿಯ ಮುಂದೆ ಬಸ್ ಟಿಕೆಟಿನ ಚೂರು ಹಿಡಿದು 'ಪಿನ್' ಅನ್ನು, ಅದು ಅಲ್ಲಾಡಬೇಕು. 'ಸ್ಪಿನ್' ಅಂದಾಗ ಅಲ್ಲಾಡಬಾರದು. ಮಹಾಪ್ರಾಣ ಯಾಕೆ ಕಲಿಯಬೇಕು ಎಂದು ಚಿಕ್ಕವಳಿದ್ದಾಗ ನನ್ನ ಹತ್ತಿರ ವಾದ ಮಾಡುತ್ತಿದ್ದೆ, ನೆನಪಿದೆಯೇ?

ವಕಾರವೂ ಹೀಗೆಯೇ. ಹಳೆಯ ವ್ಯಾಕರಣದವರು ಅದನ್ನು ದಂತೋಷ್ಠ್ಯ ಅಂದರು, ಹಲ್ಲೂ ತುಟಿಯೂ ಸೇರಿ ಹುಟ್ಟುವುದು. 'ವೆಸ್ಟ್' ಒಳ ಅಂಗಿಯಾದಾಗ ಹಾಗೆಯೇ ಹೇಳು, ಮೇಲುಹಲ್ಲು ಕೆಳತುಟಿಗೆ ತಾಗಲಿ. ಪಶ್ಚಿಮ ದಿಕ್ಕಾದಾಗ ಹಲ್ಲು ಎಲ್ಲೂ ತಾಗಬಾರದು, ತುಟಿ ಮಾತ್ರ ಗುಂಡಗಾಗಬೇಕು. ಕನ್ನಡಿ ಮುಂದೆ ನಿಂತರೆ ಒಂದು ವಾರದ ಕೆಲಸ.

'ವೋನ್ಲಿ'ಗೆ ಬರುತ್ತೇನೆ. ನಾವು ಬರೆಯುವುದು ಒಂದು, ಎಂಟು. ಬಾಯಲ್ಲಿ ಬರುವುದು ವೊಂದು, ಯೆಂಟು. ಎ, ಒ ಮೊದಲಿಗೆ ಬಂದರೆ ಯಕಾರ ವಕಾರ ತಾವಾಗಿ ನುಸುಳುವುದು ಕನ್ನಡದ ನಡೆ, ನಿನ್ನ ದೋಷವಲ್ಲ. ಬಸ್ಸು, ಕಾರು, ಲೈಟು ಎಂದು ಕೊನೆಗೆ ಉಕಾರ ಸೇರಿಸುವುದೂ ಅಷ್ಟೆ. ಹಾಗೆ ಸೇರಿಸಿಯೇ ಅಲ್ಲವೇ ಅವನ್ನು ನಮ್ಮ ಪದ ಮಾಡಿಕೊಂಡದ್ದು? ಕನ್ನಡ ಮಾತಾಡುವಾಗ ಖಂಡಿತ ಹಾಗೇ ಹೇಳು. ಇಂಗ್ಲಿಷ್ ಮಾತಾಡುವಾಗ ಬಾಗಿಲಲ್ಲೇ ಬಿಡು.

ಸ್ಪೆಲಿಂಗನ್ನು ನಂಬಬೇಡ. ಸಾಲ ಅನ್ನುವ 'ಡೆಟ್' ಪದದಲ್ಲಿ ಉಚ್ಚಾರಕ್ಕೆ ಬಾರದ ಬಿ ಇದೆಯಲ್ಲ, ಅದು ಮೊದಲು ಇರಲೇ ಇಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದ. ಅಚ್ಚಿನಲ್ಲಿ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಹೋದ ಆ ಶತಮಾನಗಳಲ್ಲೇ ಜನರ ಬಾಯಲ್ಲಿ ದೀರ್ಘಸ್ವರಗಳು ಜಾಗ ಬದಲಿಸುತ್ತಿದ್ದವು. ಹಾಗಾಗಿ ಹೊಸ ಪದ ಕಂಡರೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡು.

ಇಷ್ಟೆಲ್ಲ ತಿದ್ದಿಕೋ ಅನ್ನುವ ನಾನೇ ಆ ಕೋರ್ಸು ಬೇಡ ಅನ್ನುವುದು ಯಾಕೆ? ತಿಳಿಯುವ ಹಾಗೆ ಮಾತಾಡುವುದು ಬೇರೆ, ಇನ್ನೊಬ್ಬರ ದನಿ ತೊಡುವುದು ಬೇರೆ. ಅಮೆರಿಕದವರ ರಕಾರಕ್ಕೆ ನಾಲಿಗೆ ಹಿಂದಕ್ಕೆ ಸೆಳೆಯಬೇಕು, ಹಳಗನ್ನಡದಲ್ಲಿದ್ದು ಆಮೇಲೆ ನಾವು ಕಳೆದುಕೊಂಡ ೞಕಾರದ ಹತ್ತಿರದ್ದು ಅದು. ಲಂಡನ್ನಿನವರು 'ಕಾರ್' ಅಂದರೆ ಕೊನೆಯ ರಕಾರ ಕೇಳಿಸುವುದೇ ಇಲ್ಲ. ಸ್ಕಾಟ್ಲೆಂಡಿನವರದು ಹೆಚ್ಚುಕಡಿಮೆ ನಮ್ಮ ರಕಾರವೇ. ಇವರಲ್ಲಿ ಯಾರೂ ಇನ್ನೊಬ್ಬರಂತಾಗಲು ಸಂಬಳ ಕಟ್ಟುತ್ತಿಲ್ಲ. ನಮ್ಮ ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ 'ಕಾಂತಾಪುರ'ದ ಮುನ್ನುಡಿಯಲ್ಲೇ, ನಾವು ಇಂಗ್ಲಿಷರ ಹಾಗೆ ಬರೆಯಲಾರೆವು, ನಮ್ಮ ಇಂಗ್ಲಿಷಿಗೂ ಒಂದು ದಿನ ಐರಿಷ್, ಅಮೆರಿಕನ್ ಇಂಗ್ಲಿಷಿನಂತೆ ತನ್ನದೇ ಬನಿ ಬರುತ್ತದೆ ಎಂಬ ವಿಚಾರ ಮಂಡಿಸಿದ್ದರು. ನಿನ್ನ ಮಾತಿನಲ್ಲಿ ತಿಪಟೂರಿನ ಎಳೆ ಉಳಿದರೆ ಉಳಿಯಲಿ. ಅದು ನಿನ್ನ ಅಜ್ಜಿಯ ದನಿ.

ಮಾಡಬೇಕಾದ್ದು ಇಷ್ಟು. ಮೊಬೈಲಿನಲ್ಲಿ ಸ್ಪಷ್ಟವಾಗಿ ಓದುವವರ ಯಾವುದಾದರೂ ವಾರ್ತೆ ಹಾಕಿಕೊಂಡು ಒಂದು ನಿಮಿಷದಷ್ಟನ್ನೇ ತೆಗೆದುಕೋ. ಅದನ್ನು ಹಾಳೆಯ ಮೇಲೆ ಬರೆದುಕೊಂಡು, ಒತ್ತು ಬಿದ್ದ ಕಡೆಯೆಲ್ಲ ಪೆನ್ಸಿಲಿನಿಂದ ಗೀಟು ಹಾಕು. ಅವರ ಬೆನ್ನಿಗೇ, ಅದೇ ಲಯದಲ್ಲಿ ಹೇಳು. ನಿನ್ನದನ್ನು ರೆಕಾರ್ಡ್ ಮಾಡಿ ಕೇಳು. ಮೊದಲ ದಿನ ನೋವಾಗುತ್ತದೆ, ಕೇಳುವುದನ್ನು ಬಿಡಬೇಡ. ದಿನಾ ಬಾಯಲ್ಲಿ ಬರುವ ಇಪ್ಪತ್ತು ಆಫೀಸು ಪದಗಳನ್ನು ಮೊದಲು ಸರಿಮಾಡಿಕೋ. ನೀನು 'ಡೆವಲಪರ್' ಅಲ್ಲವೇ, ಆ ಪದದಲ್ಲೂ ಭಾರ 'ಡೆ' ಮೇಲಿಲ್ಲ, 'ವೆ' ಮೇಲಿದೆ.

ಬುಧವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಿದ್ದಾರೆ. ಚಟ್ನಿಪುಡಿಯ ಜೊತೆ ನನ್ನ ಹಳೆಯ ಆಕ್ಸ್‌ಫರ್ಡ್ ನಿಘಂಟನ್ನೂ ಕಳಿಸುತ್ತಿದ್ದೇನೆ. ಪದದ ಪಕ್ಕದ ಕಂಸದಲ್ಲಿ ಚಿಕ್ಕ ನೆಟ್ಟಗಿನ ಗೆರೆ ಕಾಣುತ್ತದೆ, ಅದರ ಮುಂದಿನ ಅಕ್ಷರಕ್ಕೇ ಒತ್ತು. ಕೆಂಪು ಶಾಯಿಯ ಗುರುತುಗಳು ನಾನು ತಪ್ಪು ಹೇಳುತ್ತಿದ್ದ ಪದಗಳವು.

ಮುಂದಿನ ಭಾನುವಾರ ಸಂಜೆ ಫೋನು ಮಾಡು. ನಿನ್ನ ಕೆಲಸವೇನೆಂದು ಐದು ನಿಮಿಷ ಇಂಗ್ಲಿಷಿನಲ್ಲಿ ನನಗೆ ವಿವರಿಸಿ ಹೇಳು. ಮಧ್ಯೆ ತಿದ್ದುವುದಿಲ್ಲ, ಪೂರ್ತಿ ಕೇಳುತ್ತೇನೆ. ಆಮೇಲೆ ಇಬ್ಬರೂ ಕನ್ನಡದಲ್ಲಿ ಮಾತಾಡೋಣ.

ನಿನ್ನ ಪ್ರೀತಿಯ
ದೊಡ್ಡಮ್ಮ