‘ಬೀಟ್’ ಕ್ರಿಯಾಪದದ ಅರ್ಥವೂ ಪ್ರಯೋಗವೂ

ಕಬಡ್ಡಿ ಪಂದ್ಯದಲ್ಲಿ ಸಿರುಗುಪ್ಪದ ತಂಡವು ಕುರುಗೋಡಿನ ತಂಡವನ್ನು ಗೆದ್ದಿತೆನ್ನೋಣ. ಇದನ್ನು ಇಂಗ್ಲಿಷಿನಲ್ಲಿ ಬರೆಯಹೇಳಿದರೆ ವಿದ್ಯಾರ್ಥಿಯು ‘ಸಿರುಗುಪ್ಪ ವನ್ ಕುರುಗೋಡು’ ಎಂದು ಬರೆದುಬಿಡುತ್ತಾನೆ. ಅಧ್ಯಾಪಕರು ಕೆಂಪು ಗೆರೆ ಎಳೆಯುತ್ತಾರೆ. ಏಕೆ ತಪ್ಪೆಂಬುದನ್ನು ತಿಳಿಸುವುದು ಮಾತ್ರ ಅಪರೂಪ.

ಈ ತಪ್ಪಿನ ಬೇರು ಹುಡುಗನ ಅಜ್ಞಾನದಲ್ಲಿಲ್ಲ, ಅವನ ತಾಯ್ನುಡಿಯಲ್ಲಿದೆ. ಕನ್ನಡದ ‘ಗೆಲ್ಲು’ ಧಾತುವು ಎರಡು ಬಗೆಯ ಕರ್ಮಪದಗಳನ್ನು ಸ್ವೀಕರಿಸುತ್ತದೆ. ಪಂದ್ಯವನ್ನು ಗೆಲ್ಲಬಹುದು, ಎದುರಾಳಿಯನ್ನೂ ಗೆಲ್ಲಬಹುದು. ಇಂಗ್ಲಿಷಿನಲ್ಲಿ ಈ ಕಾರ್ಯ ಹಂಚಿಹೋಗಿದೆ. ಪಂದ್ಯ, ಬಹುಮಾನ, ಚುನಾವಣೆ, ಯುದ್ಧ ಇವುಗಳಿಗೆ ‘ವಿನ್’. ಎದುರಾಳಿಗೆ ‘ಬೀಟ್’ ಅಥವಾ ‘ಡಿಫೀಟ್’. ಆದುದರಿಂದ ‘ಸಿರುಗುಪ್ಪ ಬೀಟ್ ಕುರುಗೋಡು’ ಎಂಬುದೇ ಸಾಧು. ‘ವನ್’ ಎಂದರೆ ಕುರುಗೋಡನ್ನೇ ಬಹುಮಾನವಾಗಿ ಪಡೆದಂತಾಗುತ್ತದೆ. ಇದಕ್ಕೆ ಆ ಊರಿನವರು ಒಪ್ಪಲಾರರು!

ಕನ್ನಡದಲ್ಲಿಯೇ ಇದಕ್ಕೊಂದು ಒರೆಗಲ್ಲಿದೆ. ‘ಸೋಲು’ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಸೋಲಿಸು’ ಎಂಬ ಪ್ರೇರಣಾರ್ಥಕ ರೂಪವಾಗುತ್ತದೆ. ಎದುರಾಳಿಯನ್ನು ಸೋಲಿಸುತ್ತಾರೆ, ಪಂದ್ಯವನ್ನು ಯಾರೂ ಸೋಲಿಸುವುದಿಲ್ಲ. ‘ಸೋಲಿಸು’ ಹೊಂದುವಲ್ಲಿ ‘ಬೀಟ್’, ಹೊಂದದಲ್ಲಿ ‘ವಿನ್’ ಎಂದು ತೋರಿಸಿಕೊಟ್ಟರೆ ಹತ್ತು ಸೂತ್ರಗಳ ಕಂಠಪಾಠ ತಪ್ಪುತ್ತದೆ. ಬಳ್ಳಾರಿಯಲ್ಲಿ ಸೇವೆಗೈದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ನಿಘಂಟುಗಳಿಗೆ ಕೊರತೆಯಿಲ್ಲ. ಆದರೆ ಪದಕ್ಕೆ ಪದವನ್ನಿಟ್ಟ ಮಾತ್ರಕ್ಕೆ ವಾಕ್ಯ ಕೈಗೆ ಬರುವುದಿಲ್ಲ.

‘ಬೀಟ್’ನ ಮೂಲಾರ್ಥ ಹೊಡೆ, ಬಡಿ. ಪೆಟ್ಟಿನಿಂದ ಸೋಲಿಗೆ ಅರ್ಥ ಸರಿದುದು ಕನ್ನಡಿಗರಿಗೆ ಅಪರಿಚಿತವಲ್ಲ. ಶತ್ರುಗಳನ್ನು ‘ಸದೆಬಡಿದರು’ ಎನ್ನುವುದಿಲ್ಲವೆ? ಕಣದಲ್ಲಿ ಭತ್ತ ಬಡಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಥ್ರೆಶ್’ ಎಂಬ ಪದವಿದೆ. ಅದರದೇ ಇನ್ನೊಂದು ರೂಪವಾದ ‘ಥ್ರ್ಯಾಶ್’ಗೆ ಥಳಿಸು ಎಂಬುದರ ಜೊತೆಗೆ ಹೀನಾಯವಾಗಿ ಸೋಲಿಸು ಎಂಬರ್ಥವೂ ಇದೆ. ಭತ್ತದ ಸೀಮೆಯಾದ ಸಿರುಗುಪ್ಪದ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ರೂಪಗಳ ವಿಷಯ ಸ್ವಲ್ಪವೇ. ಭೂತಕಾಲದಲ್ಲಿಯೂ ‘ಬೀಟ್’ ಬದಲಾಗದು. ಕರ್ಮಣಿಯಲ್ಲಿ ‘ಬೀಟನ್’ ಆಗುತ್ತದೆ.

ಮೂಲಾರ್ಥ ಇನ್ನೂ ಜೀವಂತವಾಗಿರುವುದರಿಂದ ಒಂದು ಎಚ್ಚರ ಬೇಕು. ‘ದಿ ಟೀಚರ್ ಬೀಟ್ ಮಿ’ ಎಂದು ಬಾಲಕನೊಬ್ಬನು ಮನೆಗೆ ಪತ್ರ ಬರೆದರೆ ತಂದೆಯು ಏನೆಂದು ತಿಳಿಯಬೇಕು? ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಆಡಿದ್ದು ಚದುರಂಗವಾಗಿದ್ದರೆ ‘ಅಟ್ ಚೆಸ್’ ಎಂಬ ಎರಡು ಪದಗಳನ್ನು ಸೇರಿಸಲು ಹುಡುಗನಿಗೆ ಕಲಿಸಿರಬೇಕು. ಇಲ್ಲವೆ ಪೆಟ್ಟಿನ ನೆರಳಿಲ್ಲದ ‘ಡಿಫೀಟೆಡ್’ ಪದವನ್ನು ಕೊಟ್ಟಿರಬೇಕು.