ಮಂಡಿ ಹಾಕಿದಾಗ ತೊಡೆಸಂದಿಯಲ್ಲಿ ಚಳುಕು

ಪ್ರಶ್ನೆ: ಹೊನ್ನಾವರದ ಹವ್ಯಾಸಿ ಯಕ್ಷಗಾನ ಕಲಾವಿದ. ಭಟ್ಕಳದ ಆಟದಲ್ಲಿ ಮಂಡಿ ಹಾಕುವಾಗ (ಮೊಣಕಾಲೂರಿ ಕುಣಿಯುವಾಗ) ಬಲ ತೊಡೆಸಂದಿಯಲ್ಲಿ ಚಳುಕು ಹೊಡೆಯಿತು. ಮೆಟ್ಟಿಲು ಹತ್ತಲು ಕಾಲೆತ್ತಿದರೆ ನೋವು.

ಉತ್ತರ: ತೊಡೆ ಎತ್ತುವ ಸ್ನಾಯು ಉಳುಕಿದಂತಿದೆ. ಬರೀ ಬಿಗಿತವಾದರೆ ನಿಧಾನಕ್ಕೆ ಬರುತ್ತದೆ, ಹೀಗೆ ಒಮ್ಮೆಲೇ ಅಲ್ಲ. ಈಗಲೇ ಎಳೆದು ಸಡಿಲಿಸಬೇಡಿ, ತಿಕ್ಕಿಸಲೂಬೇಡಿ. ಮೊದಲ 2–3 ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಪ್ರತಿಸಲ 15 ನಿಮಿಷ. ನಡಿಗೆ ಸಲೀಸಾದ ಮೇಲೆ ಬಲ ಮಂಡಿಯೂರಿ, ಎಡಪಾದ ಮುಂದಿಟ್ಟು, ಪೃಷ್ಠ ಬಿಗಿಹಿಡಿದು 30 ಸೆಕೆಂಡು ನಿಲ್ಲಿ, ಮೂರು ಬಾರಿ. ಬೆನ್ನು ಹಿಂದಕ್ಕೆ ಬಾಗಿಸಿದರೆ ಪ್ರಯೋಜನವಿಲ್ಲ. ರಂಗಕ್ಕೆ ಮರಳುವಾಗ ಮಂಡಿ ಕುಣಿತ ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಕೂತೇ ಅರ್ಥ ಹೇಳುವ ತಾಳಮದ್ದಳೆ ಇದೆಯಲ್ಲ! ಅಲ್ಲೂ ಗಂಟೆಗಟ್ಟಲೆ ಕೂರದೆ ಆಗಾಗ ಏಳಿ.

ಕಾಲೂರಲಾಗದಿದ್ದರೆ, ಜ್ವರ ಬಂದರೆ ಕಾಯದೆ ವೈದ್ಯರ ಬಳಿ ಹೋಗಿ. ನೋವು ಎರಡು ವಾರದಲ್ಲಿ ಇಳಿಯದಿದ್ದರೆ ಮೂಳೆತಜ್ಞರಿಗೆ ತೋರಿಸಿ. ಕೆಮ್ಮಿದಾಗ ತೊಡೆಸಂದಿ ಉಬ್ಬಿದರೆ ಅದು ಹರ್ನಿಯಾ ಇರಬಹುದು, ಸರ್ಜನ್ ನೋಡಬೇಕು.